ಕರಿ ಚುಕ್ಕೆಯ ಹುಳು

ಚಮಚ ಅವಳ ಹಲ್ಲಿಗೆ ತಗುಲಿ ಟಣ್ ಎಂದಿತು. ಹಾಲು ಗದ್ದದಿಂದ ಕತ್ತಿಗೆ ಇಳಿಯಿತು. ಅವನು ಅಂಗಿಯ ತೋಳಿನಿಂದಲೇ ಒರೆಸಿದ.

“ಬಾಯಿ ಬಿಡೇ. ಒಂದೇ ಒಂದು ಗುಟುಕು.”

“ಕುಡಿದ್ರೆ ಅದಕ್ಕೇ ಹೋಗೋದು,” ಎಂದು ಹೆಂಡತಿ ಹೊಟ್ಟೆ ತೋರಿಸಿದಳು. ಗಡ್ಡೆ ಇದ್ದ ಕಡೆ ಮಾತ್ರ ಹೊದಿಕೆ ಉಬ್ಬಿತ್ತು. ಉಳಿದ ಮೈ ಹೊದಿಕೆಯಡಿ ಇದೆಯೋ ಇಲ್ಲವೋ ಎನ್ನುವಂತಿತ್ತು.

ಬಾಗಿಲಲ್ಲಿ ನಿಂತಿದ್ದ ಅತ್ತೆಗೆ ತಡೆಯಲಾಗಲಿಲ್ಲ. “ಊಟಕ್ಕೆ ಕೂತಾಗ ಆ ಹುಳದ ಪುರಾಣ ಬಿಚ್ಚಬೇಡಿ ಅಂದಿದ್ದೆ, ಅಳಿಯಂದ್ರೇ. ಕೇಳಿದ್ರಾ?”

ಅವನ ಕೆಲಸ ಕಣಜದ ಹುಳು ಸಾಕುವುದು. ಬೆಳೆ ತಿನ್ನುವ ಹುಳುಗಳನ್ನು ಕೊಲ್ಲಲೆಂದು ಹೊಲಕ್ಕೆ ಬಿಡುವ, ಎಳ್ಳಿನಷ್ಟು ಸಣ್ಣ ಕಣಜ. ಅದು ಎಲೆಹುಳುವಿನ ಮೈ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಮರಿ ಮೊದಲು ರಕ್ತ ಹೀರುತ್ತದೆ, ಆಮೇಲೆ ಕೊಬ್ಬು. ಗುಂಡಿಗೆಯನ್ನು ಕೊನೆಯವರೆಗೂ ಮುಟ್ಟುವುದಿಲ್ಲ. ಎಲೆಹುಳು ಏನೂ ಆಗಿಲ್ಲವೆಂಬಂತೆ ಗಬಗಬ ತಿನ್ನುತ್ತಲೇ ಇರುತ್ತದೆ. ದಪ್ಪಗಾಗುವುದು ಒಳಗಿನದು. ಅವಳು ಚೆನ್ನಾಗಿದ್ದಾಗ ಇದನ್ನೆಲ್ಲ ಅಭಿನಯಿಸಿ ತೋರಿಸಿ ನಗಿಸಿದ್ದ.

“ನೀನು ಹುಳ ಅಲ್ಲ ಕಣೇ. ಮೈಗೆ ಶಕ್ತಿ ಬಂದ್ರೆ ಮಾತ್ರ ಆಪರೇಷನ್ ಅಂದಿದ್ದಾರೆ ಡಾಕ್ಟರು.”

“ಹೇಳೋರಿಗೇನು. ಹೊಟ್ಟೆ ನಂದು.”

ಅವನು ಜೇಬಿನಿಂದ ಸಣ್ಣ ಗಾಜಿನ ಸೀಸೆ ತೆಗೆದು ಕಿಟಕಿಯ ಬೆಳಕಿಗೆ ಹಿಡಿದ. ಒಳಗೆ ಎಲೆಚೂರಿನ ಮೇಲೆ ಮೇಣದ ಬಣ್ಣದ ಎಲೆಹುಳು. ಚರ್ಮದಡಿ ಒಂದು ಕರಿ ಚುಕ್ಕೆ.

“ನೋಡು, ಅದು ಕಣಜದ ಮೊಟ್ಟೆ. ಸತ್ತಿದೆ! ಹೊಟ್ಟೆ ತುಂಬ ತಿಂದ ಹುಳ ಇದು. ಇದರ ರಕ್ತವೇ ಮೊಟ್ಟೆಗೆ ಸುತ್ತಿಕೊಂಡು ಉಸಿರು ಕಟ್ಟಿಸಿಬಿಡ್ತು. ತಿಂದಿದ್ದಕ್ಕೇ ಬದುಕ್ತು.”

ಅವಳು ಮೊಣಕೈ ಊರಿ ಎದ್ದಳು. ಸೀಸೆ ಇಸಿದುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. ಹುಳು ಎಲೆಯಂಚು ಕಡಿಯುತ್ತಿತ್ತು. ಅತ್ತೆ ಸದ್ದಿಲ್ಲದೆ ಒಳಗೆ ಹೋಗಿ ಹಾಲು ಬಿಸಿಮಾಡಿ ತಂದರು.

“ಇಂಥವು ತುಂಬ ಇರ್ತಾವಾ?”

“ಬೆಳಗ್ಗಿಂದ ಹುಳ ಸಾಕೋ ತಟ್ಟೆ ಒಂದೊಂದೂ ಜಾಲಾಡಿ ತಂದಿದ್ದೀನಿ, ನಿನಗೋಸ್ಕರ!” ಎಂದುಬಿಟ್ಟ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ.

“ಬೆಳಗ್ಗಿಂದ? ಇದೊಂದಕ್ಕೆ?”

ಅವನು ಅತ್ತೆ ತಂದ ಲೋಟವನ್ನು ಅವಳ ಮುಂದೆ ಹಿಡಿದ. ಹಾಲು ಹೊದಿಕೆಯ ಮೇಲೆ ತುಳುಕಿತು. “ಒಂದಾದ್ರೂ ಇದೆಯಲ್ಲೇ. ದಮ್ಮಯ್ಯ, ಕುಡಿ.”

ಅವಳು ಸೀಸೆಯನ್ನು ಅವನ ಜೇಬಿಗೇ ಇಳಿಬಿಟ್ಟು, ಗೋಡೆಯ ಕಡೆ ತಿರುಗಿ ಮಲಗಿದಳು.

“ನನಗೆ ಬೇಡ.”