ಮೊಟ್ಟೆ ಭಾವ

ಹಳದಿಯ ಸುತ್ತ ಬೂದು ಹಸಿರು ಗೆರೆ, ಸುಲಿಯುವಾಗ ಒಂದು ಸೀಳಿದೆ, ಇವತ್ತೂ ಬೆಂದದ್ದು ಹೆಚ್ಚಾಗಿದೆ, ರಂಗದ ಸೈಡ್‌ವಿಂಗಿನ ಕತ್ತಲಲ್ಲಿ ಬುಟ್ಟಿಗೆ ಹಾಕಲಿರುವ ನಾಲ್ಕು ಮೊಟ್ಟೆ ತಟ್ಟೆಯ ಮೇಲೆ, ಮೂರು ತಿನ್ನಲು ಒಂದು ಹೆಚ್ಚಿಗೆ, ಬೆವರುತ್ತಿವೆ, ಬೆವರುತ್ತಿರುವುದು ಅವೋ ನಾನೋ, ಆ ವಾಸನೆ — ಮುಚ್ಚಿದ ಕೋಣೆಯಲ್ಲಿ ಯಾರೋ ಹೂಸು ಬಿಟ್ಟು ಏನೂ ಗೊತ್ತಿಲ್ಲದವರಂತೆ ಎದ್ದು ಹೋದ ಹಾಗೆ, ಇದೇ ವಾಸನೆ ನನ್ನ ದಿಂಬಿನಲ್ಲಿದೆ ಎನ್ನುತ್ತಾಳೆ ಹೆಂಡತಿ, ನೀವು ಅಗಿಯೋ ಸದ್ದು ಕೇಳಿದ್ರೆ ಮಗಳು ತಟ್ಟೆ ಎತ್ಕೊಂಡು ಒಳಗೆ ಹೋಗ್ತಾಳೆ ನೋಡಿ, ನೋಡಿದ್ದೇನೆ, ನೋಡದೆ ಏನು, ಬೀದಿಯಲ್ಲಿ ಚಪ್ಪಲಿ ಹೊಲಿಯುವವನಿಗೂ ನಾನು ಮೊಟ್ಟೆ ಭಾವ, ಏನ್ ಮೊಟ್ಟೆ ಭಾವ, ನಾದಿನಿ ಚೆನ್ನಾಗಿದಾಳಾ ಎಂದು ಕಣ್ಣು ಹೊಡೆಯುತ್ತಾನೆ, ಚೆನ್ನಾಗಿದ್ದಾಳೆ ಮಾರಾಯ, ಅಲ್ಲಿ ದೀಪದ ಕೆಳಗೆ ನಿಂತು ಮಾತು ಒಪ್ಪಿಸುತ್ತಿದ್ದಾಳೆ, ಈ ನಾಟಕ ಶುರುವಾದಾಗ ಇವಳು ಶಾಲೆಗೆ ಹೋಗುತ್ತಿದ್ದಳಂತೆ, ಮೊದಲನೆಯ ನಾದಿನಿ ಮದುವೆಯಾಗಿ ಹೋದಳು, ಎರಡನೆಯವಳು ಟಿವಿಗೆ ಹೋದಳು, ಮೂರನೆಯವಳು ಜಗಳವಾಡಿ ಹೋದಳು, ರವಿಕೆ ಮಾತ್ರ ಅದೇ, ಹೊಲಿಗೆ ಬಿಚ್ಚಿ ಹಾಕಿ, ಬಿಚ್ಚಿ ಹಾಕಿ, ಕಂಕುಳಲ್ಲಿ ಅಷ್ಟೂ ಹೆಂಗಸರ ಬೆವರಿನ ನಕ್ಷೆ. ಎಲ್ಲರೂ ಹೋದರು, ಭಾವ ಹೋಗಲಿಲ್ಲ, ಭಾವ ಅಡುಗೆಮನೆಗೆ ನುಗ್ಗಿ ಮೊಟ್ಟೆ ಕದಿಯಬೇಕು, ನಾದಿನಿ ಬರಬೇಕು, ಭಾವ ಇಡೀ ಮೊಟ್ಟೆ ಬಾಯಿಗೆ ತುರುಕಿಕೊಳ್ಳಬೇಕು, ಕೆನ್ನೆ ಯಾಕೆ ಊದಿದೆ ಭಾವ ಎಂದು ಅವಳು ಕೇಳಬೇಕು, ಹಲ್ಲುನೋವು ಎನ್ನಲಾಗದೆ ಅಲ್ಲು ಓವು, ಅಲ್ಲು ಓವು ಎನ್ನಬೇಕು ನಾನು, ಹಾಲ್ ಬಿದ್ದು ಬಿದ್ದು ನಗಬೇಕು, ಹೀಗೆ ಮೂರು ಸಲ, ಮಧ್ಯಾಹ್ನದ ಆಟಕ್ಕೆ ಮೂರು, ಸಂಜೆಯ ಆಟಕ್ಕೆ ಮೂರು, ಥೂ.

ಮುಗಿಯುತ್ತಿತ್ತು, ಈ ವಾರ ನಿಜವಾಗಿ ಮುಗಿಯುತ್ತಿತ್ತು. ಹೊರಗೆ ‘ಕೊನೆಯ ಪ್ರದರ್ಶನಗಳು’ ಬೋರ್ಡು ನಾವು ಎಷ್ಟೋ ಸಲ ಹಾಕಿದ್ದೇವೆ, ಕುರ್ಚಿ ಖಾಲಿ ಹೊಡೆಯತೊಡಗಿದಾಗೆಲ್ಲ ಮಾಲೀಕರು, ನಾಟಕವೂ ಥಿಯೇಟರೂ ಅವರದೇ, ಅದನ್ನು ಹೊರಗೆ ತೆಗೆಯುತ್ತಾರೆ, ಅಯ್ಯೋ ನಿಂತೇ ಹೋಗುತ್ತದಂತೆ ಎಂದು ಜನ ಓಡಿ ಬರುತ್ತಾರೆ, ಹಾಲ್ ತುಂಬಿದ ಮೇಲೆ ಅದೇ ಬೋರ್ಡಿನ ಮೇಲೆ ‘ಪ್ರೇಕ್ಷಕರ ಒತ್ತಾಯದ ಮೇರೆಗೆ ಮುಂದುವರಿದಿದೆ’ ಎಂಬ ಪಟ್ಟಿ, ಒತ್ತಾಯ ಮಾಡಿದವರು ಯಾರೋ, ಯಾರ ಮುಖವನ್ನೂ ನಾನು ಕಂಡಿಲ್ಲ, ಆದರೆ ಈ ಸಲ ಬೋರ್ಡು ಸುಳ್ಳು ಹೇಳಿರಲಿಲ್ಲ, ಅರ್ಧ ದರಕ್ಕೆ ಕಾರ್ಖಾನೆಯವರನ್ನು ಗುಂಪಾಗಿ ಕರೆತಂದರೂ ಹಿಂದಿನ ಸಾಲುಗಳು ಭಣಭಣ, ಥಿಯೇಟರಿಗೆ ಬೇರೆ ಕಂಪನಿಯವರು ಮುಂಗಡ ಕೊಟ್ಟು ಅವರ ಪೆಟ್ಟಿಗೆಗಳು ಹಿಂಬಾಗಿಲಿಗೆ ಬಂದು ಕೂತಿದ್ದವು, ಆ ಪೆಟ್ಟಿಗೆಗಳನ್ನು ಕಂಡು ನನಗೆ ಮುತ್ತಿಡಬೇಕೆನಿಸಿತ್ತು. ಅಂದೇ ಮಾಸ್ತರಿಗೆ ಹೂಂ ಎಂದುಬಿಟ್ಟೆ, ನನಗೆ ನಿಲ್ಲುವುದು, ಉಸಿರಾಡುವುದು ಕಲಿಸಿದ ಮಾಸ್ತರು, ಸಣ್ಣ ಹಾಲಿನಲ್ಲಿ ಸಣ್ಣ ನಾಟಕ ಕಟ್ಟುತ್ತಿದ್ದಾರೆ, ತಂದೆಯ ಪಾರ್ಟು ನಿನಗೇ ಕಣಯ್ಯ, ಮಾತು ಕಮ್ಮಿ, ಸುಮ್ಮನೆ ಕೂತಿರಬೇಕು, ಕೂತಿರೋದು ಕಷ್ಟ ಎಂದಿದ್ದರು. ತಿನ್ನೋದು ಏನಾದ್ರೂ ಇದೆಯಾ ಮಾಸ್ತರೆ ಎಂದು ಕೇಳಿದ್ದೆ, ಅವರಿಗೆ ಅರ್ಥವಾಗಲಿಲ್ಲ. ಹೆಂಡತಿಗೆ ಅರ್ಥವಾಯಿತು, ಸೆರಗು ಬಾಯಿಗೆ ಒತ್ತಿಕೊಂಡಳು, ನಗುವೋ ಅಳುವೋ.

ಆದರೆ ಈ ಮಧ್ಯಾಹ್ನದ ಆಟದಲ್ಲಿ, ಮೂರನೆಯ ಮೊಟ್ಟೆ, ಒಣಗಿದ ಹಳದಿ ಅಂಗುಳಿಗೆ ಮೆತ್ತಿಕೊಂಡಿತು, ಒಳಗೆ ಹೋಗದು ಹೊರಗೆ ಬಾರದು, ಕಣ್ಣಿಗೆ ಕತ್ತಲೆ, ಹೊಟ್ಟೆಯ ತಳದಿಂದ ಏನೋ ಎದ್ದು ಬಂತು, ಇಷ್ಟು ವರ್ಷದ ಅಸಹ್ಯವೆಲ್ಲ ಒಟ್ಟಿಗೆ ಎದ್ದು ಬಂದ ಹಾಗೆ, ಉಗಿದೆ, ನಾದಿನಿಯ ಭುಜ ದಾಟಿ, ದೀಪ ದಾಟಿ, ಮುಂದಿನ ಸಾಲಿನ ಹೆಂಗಸೊಬ್ಬಳ ತೋಳಿನ ಮೇಲೆ. ಸತ್ತೆ ಎಂದುಕೊಂಡೆ. ಆಮೇಲೆ ಆ ಹೆಂಗಸು ತೋಳು ಮೇಲೆತ್ತಿ ಹಿಂದಿನವರಿಗೆ ತೋರಿಸಿದಳು, ಬಹುಮಾನ ತೋರಿಸುವಂತೆ, ಹಾಲ್ ಒಡೆದುಹೋಯಿತು, ಅಂಥ ನಗುವನ್ನು ನಾನು ಈ ಜನ್ಮದಲ್ಲಿ ಕೇಳಿರಲಿಲ್ಲ, ಯಾರೋ ಮೊಬೈಲಿನಲ್ಲಿ ಹಿಡಿದುಕೊಂಡರಂತೆ, ಬಣ್ಣ ಒರೆಸಿಕೊಳ್ಳುವಷ್ಟರಲ್ಲಿ ಊರಿಗೆಲ್ಲ ಗೊತ್ತು. ಮಾಲೀಕರು ಗ್ರೀನ್ ರೂಮಿಗೆ ಬಂದರು, ಕ್ಷಮಿಸಿ ಎನ್ನಲು ಎದ್ದು ನಿಂತೆ, ಅವರು ಹೆಗಲು ಹಿಡಿದು ಕೂರಿಸಿದರು, ಯಾಕಪ್ಪಾ, ಇದನ್ನ ಇಷ್ಟು ವರ್ಷ ಒಳಗೇ ಇಟ್ಕೊಂಡಿದ್ದೆ? ಇನ್ಮೇಲೆ ಪ್ರತಿ ಆಟಕ್ಕೂ ಇದೇ ಇರ್ಲಿ, ಹೀಗೇ, ಒಂಚೂರೂ ಬದಲಾಯಿಸ್ಬೇಡ. ಸಾರ್, ಅದು ನಿಜವಾಗ್ಲೂ ವಾಂತಿ ಬಂದದ್ದು ಎಂದೆ. ಅದಕ್ಕೇ ಅಷ್ಟು ಚೆನ್ನಾಗಿತ್ತು ಎಂದರು. ಆ ಬೇರೆ ಕಂಪನಿಯವರಿಗೆ ಮುಂಗಡ ವಾಪಸು ಕೊಟ್ಟಾಯ್ತು, ಸಂಜೆ ಹೌಸ್‌ಫುಲ್ಲು, ಮುಂದಿನ ಸಾಲಿಗೆ ರೇಟು ಬೇರೆ, ಟವೆಲ್ ಕೊಡೋಣ ಅಂತಿದೀನಿ, ಬಿಳೀದು, ಹೇಗೆ? ಮಾಸ್ತರ ವಿಷಯ ತೊದಲಿದೆ, ಮಾಲೀಕರು ನಕ್ಕರು, ನಿನ್ನ ಕರಾರು ನಾಟಕ ನಡೆಯೋವರೆಗೂ ಅಲ್ವೇನೋ, ನಡೆಯೋ ಹಾಗೆ ಮಾಡಿದ್ದು ನೀನೇ. ಹೌದು, ನಾನೇ, ಸತ್ತು ಬಿದ್ದಿದ್ದ ಹೆಣವನ್ನು ಬಾಯಿಯ ಗಾಳಿ ಊದಿ ಎಬ್ಬಿಸಿ ಕೂರಿಸಿದವನು ನಾನೇ. ಮಾಸ್ತರಿಗೆ ಫೋನ್ ಮಾಡಿದೆ, ಬರಕ್ಕಾಗಲ್ಲ ಮಾಸ್ತರೆ. ಗೊತ್ತಾಯ್ತು ಬಿಡಯ್ಯ ಎಂದರು, ಸೊಸೆ ಮೊಬೈಲಲ್ಲಿ ತೋರಿಸಿದ್ಳು, ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಯ್ತು. ಮಾಸ್ತರೂ ನಕ್ಕರು.

ನಾದಿನಿ ಒಳಗೆ ಹೋದಳು, ನನ್ನ ಸರದಿ, ಕಾಲು ತಾನಾಗಿ ನಡೆಯುತ್ತದೆ, ಬೆಳಕು, ಬಾಣಲೆ, ಬುಟ್ಟಿ, ಮೊದಲನೆಯದು, ಅಲ್ಲು ಓವು, ನಗು, ಎರಡನೆಯದು, ನಗು, ಮೂರನೆಯದು ನಾಲಿಗೆಯ ಮೇಲೆ ಇಟ್ಟುಕೊಂಡು ಕಾಯುತ್ತೇನೆ, ಬರಲಿ, ಈಗ ಎದ್ದು ಬರಲಿ, ಹೊಟ್ಟೆ ತೆಪ್ಪಗಿದೆ, ಗಂಟಲು ಮೃದುವಾಗಿ ಬಾಯಿ ತೆರೆಯುತ್ತದೆ, ಹಾಳಾದ್ದು ಬೆಣ್ಣೆಯ ಹಾಗೆ ಜಾರಿ ಇಳಿದುಹೋಯಿತು, ರುಚಿಯೂ ಆಯಿತು, ರುಚಿ! ಕೆನ್ನೆ ಯಾಕೆ ಊದಿದೆ ಭಾವ ಎನ್ನುತ್ತಾಳೆ ಅವಳು, ಕೆನ್ನೆ ಊದಿಲ್ಲ, ಹಾಲ್ ಉಸಿರು ಬಿಗಿಹಿಡಿದಿದೆ, ವಿಂಗಿನಲ್ಲಿ ಮಾಲೀಕರು ಉಗಿ, ಉಗಿ ಎಂದು ಕೈ ಆಡಿಸುತ್ತಾರೆ, ಪಾಪ ಹುಡುಗಿ, ಬುದ್ಧಿವಂತೆ, ಬುಟ್ಟಿಯಿಂದ ಇನ್ನೊಂದು ತೆಗೆದು ಕೈಗಿಟ್ಟಳು, ಸಂಕೋಚ ಬೇಡ ಭಾವ, ತಗೊಳ್ಳಿ. ತುರುಕಿಕೊಂಡೆ. ಕಣ್ಣು ಮೇಲೆ ಮಾಡಿದೆ, ಹೊಟ್ಟೆ ಹಿಡಿದುಕೊಂಡೆ, ಮಧ್ಯಾಹ್ನದ ನನ್ನನ್ನೇ ನಾನು ಅಣಕಿಸಿದೆ, ಸದ್ದು ಸಮೇತ, ಉಗಿದೆ, ಮುಂದಿನ ಸಾಲಿನ ಟವೆಲ್ಲುಗಳೆಲ್ಲ ಒಟ್ಟಿಗೆ ಮೇಲೆದ್ದವು, ಹಿಡಿಯಲು, ಸಿಕ್ಕಿದವರು ಕೂಗಿದರು, ನಗು, ನಗು, ಸಾಲಿನ ತುದಿಯಲ್ಲಿ ಒಬ್ಬಾಕೆ, ನನ್ನ ತಾಯಿಯ ವಯಸ್ಸಿನವಳು, ಅವಳ ಟವೆಲ್ ಚೊಕ್ಕವಾಗಿ ಹಾಗೇ ಉಳಿದಿದೆ, ಎರಡೂ ಕೈಯಲ್ಲಿ ಚಾಚಿ ಹಿಡಿದಿದ್ದಾಳೆ, ಈ ಕಡೆಗೂ ಭಾವ, ಎನ್ನುತ್ತಾಳೆ, ಒಂಚೂರು ಈ ಕಡೆಗೂ — ಬಿಳಿ ಟವೆಲ್, ಚಾಚಿದ ಎರಡು ಕೈ, ಕಲೆಯೇ ಇಲ್ಲದ ಬಿಳಿ ಟವೆಲ್, ಬಿಳಿ ಟವೆಲ್