ಹಳದಿ ಪಟ್ಟಿಯ ಸೇಡು

ಒಂದು ವರ್ಷ ಕಾದೆ. ಸೇಡಿಗೆ ಅವಸರ ಕೂಡದು ಅನ್ನೋದನ್ನ ನನಗೆ ಹೊಲಿಗೆ ಕಲಿಸಿದೆ. ಕತ್ತರಿ ಆಡಿಸುವ ಮುಂಚೆ ಎರಡು ಸಲ ಅಳೆಯಬೇಕು. ಬಟ್ಟೆಗಾದರೂ ಅಷ್ಟೆ, ಓರಗಿತ್ತಿಗಾದರೂ ಅಷ್ಟೆ.

ನಾನು ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವವಳು. ಓರಗಿತ್ತಿ ನಮ್ಮ ಮನೆಯ ದೊಡ್ಡ ಸೊಸೆ. ಎದುರಿಗೆ ಅವಳನ್ನು ಅಕ್ಕ ಅನ್ನುತ್ತೇನೆ, ಮನಸ್ಸಿನೊಳಗೆ ಉಳಿತಾಯ ಮಂತ್ರಿ ಅನ್ನುತ್ತೇನೆ. ವರ್ಷಕ್ಕೊಂದು ದಿನ ಎರಡೂ ಸಂಸಾರ ಸೇರಿ ಥೀಮ್ ಪಾರ್ಕಿಗೆ ಹೋಗುತ್ತೇವೆ. ಅವತ್ತಿನ ಕಾರುಬಾರೆಲ್ಲ ಮಂತ್ರಿಯದೇ. ಒಳಗೆ ತಿಂಡಿ ದುಬಾರಿ ಅಂತ ಬ್ರೆಡ್ಡನ್ನು ಟವೆಲಿನಲ್ಲಿ ಸುತ್ತುತ್ತಾಳೆ, ಬಾಳೆಹಣ್ಣನ್ನು ಭಾವನ ಸಾಕ್ಸಿನೊಳಗೆ ಅಡಗಿಸುತ್ತಾಳೆ. ಒಗೆದ ಸಾಕ್ಸು ಅಂತ ಆಣೆ ಬೇರೆ ಇಡುತ್ತಾಳೆ. ಲಾಕರಿಗೆ ದುಡ್ಡು ಸುರಿಯೋದು ಯಾಕೆ ಅಂತ, ಬ್ಯಾಗು ಕಾಯೋಕೆ ಒಬ್ಬರನ್ನು ದಿನವಿಡೀ ಬೆಂಚಿನ ಮೇಲೆ ಕೂರಿಸುತ್ತಾಳೆ. ಆ ಒಬ್ಬರು ಯಾರು ಅಂತ ಕೇಳಲೇಬೇಡಿ.

ಆ ಪಾರ್ಕಿನಲ್ಲಿ ಮಕ್ಕಳ ಟಿಕೆಟ್ಟು ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ. ಗೇಟಿನ ಹತ್ತಿರ ಒಂದು ಕಂಬ, ಕಂಬದ ಮೇಲೊಂದು ಕೆಂಪು ಗೆರೆ. ಗೆರೆಗಿಂತ ಕೆಳಗಿದ್ದರೆ ಅರ್ಧ ಟಿಕೆಟ್ಟು, ಕೈಗೆ ಹಳದಿ ಪಟ್ಟಿ. ಮೇಲಿದ್ದರೆ ಪೂರ್ತಿ ಟಿಕೆಟ್ಟು, ನೀಲಿ ಪಟ್ಟಿ. ಅರವತ್ತು ದಾಟಿದ ಹಿರಿಯರಿಗೂ ಅರ್ಧವೇ, ಪಟ್ಟಿ ಮಾತ್ರ ಬಿಳಿಯದು. ಹಳದಿಯವರನ್ನೂ ಬಿಳಿಯವರನ್ನೂ ಮೋಡದ ರೈಲಿಗೆ ಹತ್ತಿಸುವುದಿಲ್ಲ. ಆಕಾಶದಲ್ಲಿ ತಲೆಕೆಳಗಾಗಿ ಓಡುವ ರೈಲು ಅದು.

ಹೋದ ವರ್ಷ ನನ್ನ ಮಗಳಿಗೆ ಹತ್ತು. ಆ ರೈಲಿನ ಹುಚ್ಚಿಗೆ ವಾರಕ್ಕೊಮ್ಮೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತು, "ಅಮ್ಮ, ಟೇಪು ತಾ, ಅಳತೆ ನೋಡು" ಅಂತ ಪ್ರಾಣ ತಿನ್ನುತ್ತಿದ್ದಳು. ಹೊರಟ ದಿನ ಬೆಳಿಗ್ಗೆ ನಾನೇ ಅಳೆದೆ. ಕೆಂಪು ಗೆರೆಗಿಂತ ಒಂದು ಬೆರಳು ಮೇಲೆ. ಹುಡುಗಿ ಮನೆಯೆಲ್ಲ ಕುಣಿದಿದ್ದಳು.

ಗೇಟಿನಲ್ಲಿ ಮಂತ್ರಿ ತಗಾದೆ ತೆಗೆದಳು. "ಒಂದು ಬೆರಳಿಗೆ ಪೂರ್ತಿ ಟಿಕೆಟ್ಟಾ? ಮಂಡಿ ಬಗ್ಗಿಸೇ. ಒಂದು ದಿನದ ಮಾತು ತಾನೆ, ಮುಂದಿನ ವರ್ಷ ಆಡಿದ್ರಾಯ್ತು."

ಮಗಳು ಬಗ್ಗಲಿಲ್ಲ. ಮಂತ್ರಿ ಕಣ್ಣು ಕೆಕ್ಕರಿಸಿದಳು. ಹುಡುಗಿಯ ಭುಜದ ಮೇಲೆ ಒಂದು ಕೈ ಬಿತ್ತು, ಮಂಡಿ ಬಗ್ಗಿತು, ಹಳದಿ ಪಟ್ಟಿ ಬಿತ್ತು.

ಆ ದಿನ ಮಂತ್ರಿ ಮೋಡದ ರೈಲನ್ನು ನಾಲ್ಕು ಸಲ ಹತ್ತಿದಳು. ಕೊಟ್ಟ ದುಡ್ಡು ವಸೂಲಾಗಬೇಕಲ್ಲ! ನನ್ನ ಮಗಳು ಕೆಳಗೆ ಕಬ್ಬಿಣದ ಕಂಬಿ ಹಿಡಿದುಕೊಂಡು ಆ ನಾಲ್ಕನ್ನೂ ಎಣಿಸಿದಳು. ಅಳಲಿಲ್ಲ, ತಿನ್ನಲಿಲ್ಲ. ಆಮೇಲೆ ನನ್ನ ಟೇಪಿನ ಹತ್ತಿರ ಸುಳಿಯಲೇ ಇಲ್ಲ. ಶಾಲೆ ತೆರೆಯುವಾಗ ಕರೆದರೆ, "ಹಳೇ ಅಳತೆಗೇ ಹೊಲಿ" ಅಂದುಬಿಟ್ಟಳು. ಹೊಲಿದ ಲಂಗ ಗಿಡ್ಡವಾಯಿತು. ನನ್ನ ಮಗಳನ್ನು ನನ್ನಿಂದ ದೂರ ಮಾಡಿದ ಆ ಮಂತ್ರಿಯನ್ನು ಬಿಡಬಾರದು ಅಂತ ಹಲ್ಲು ಕಚ್ಚಿ ಕೂತೆ. ಮಂತ್ರಿಗೆ ಬುದ್ಧಿ ಕಲಿಸಬೇಕು, ಮಗಳ ಪಕ್ಕದ ಸೀಟಿನಲ್ಲಿ ಕೂತು ಆ ರೈಲು ಹತ್ತಬೇಕು, ಅವಳು ಮೊದಲಿನ ಹಾಗೆ ನನ್ನ ಮೈಗೆ ಅಂಟಿಕೊಳ್ಳಬೇಕು. ನನಗೆ ಬೇಕಿದ್ದದ್ದು ಇಷ್ಟೇ.

ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು. ಮಂತ್ರಿಗೆ ಐವತ್ತೊಂದು. ತಲೆಯೆಲ್ಲ ನೆರೆತಿದೆ, ಆದರೆ ಹದಿನೈದು ದಿನಕ್ಕೊಮ್ಮೆ ಬಣ್ಣ ಬೀಳುತ್ತೆ. ಅಗ್ಗದ ಬಣ್ಣ, ಅಷ್ಟರಲ್ಲೇ ಪೂರ್ತಿ ಬಿಟ್ಟುಹೋಗುತ್ತೆ. ಒಂದು ತಿಂಗಳ ಮುಂಚೆಯೇ ಗಾಳ ಹಾಕಿದೆ.

"ಅಕ್ಕ, ಹೇಗೂ ಅಲ್ಲಿ ನೀರಾಟ ಆಡ್ತೀವಿ, ಬಣ್ಣ ಎಲ್ಲ ತೊಳೆದುಹೋಗುತ್ತೆ. ಬಂದ ಮೇಲೆ ಹಚ್ಕೊಳ್ಳಿ. ಎರಡು ಪ್ಯಾಕೆಟ್ ಉಳಿಯುತ್ತೆ."

"ಪರವಾಗಿಲ್ವೇ, ನಿನಗೂ ಬುದ್ಧಿ ಬಂತು!" ಅಂದಳು.

ಪಾರ್ಕಿಗೆ ಹೋದ ದಿನ ಅವಳ ತಲೆ ಸುಣ್ಣ ಹೊಡೆದ ಗೋಡೆ. "ಬಿಸಿಲು ಅಕ್ಕ, ನೀವು ನೆರಳಲ್ಲಿರಿ, ಕ್ಯೂ ನಾನು ನಿಲ್ತೀನಿ" ಅಂದೆ. ಕೌಂಟರಿನವನು ಹಿರಿಯರು ಯಾರು ಅಂತ ಕೇಳಿದ. ಬೆರಳು ಮಾಡಿ ತೋರಿಸಿದೆ. ತಲೆ ನೋಡಿದ, ಟಿಕೆಟ್ಟು ಹರಿದ. ಮಗಳು ತಾನಾಗಿಯೇ ಕಂಬಕ್ಕೆ ಬೆನ್ನು ಕೊಟ್ಟು ನಿಂತಳು. ಗೆರೆ ಅವಳ ಕಿವಿಯ ಹತ್ತಿರವಿತ್ತು. ನೀಲಿ ಪಟ್ಟಿ.

ಗೇಟಿನ ಕಾವಲುಗಾರ ಮಂತ್ರಿಯ ಕೈಗೆ ಬಿಳಿ ಪಟ್ಟಿ ಸುತ್ತಿದ.

"ಇದೇನೇ ಇದು?"

"ಹಿರಿಯರ ಟಿಕೆಟ್ ಅಕ್ಕ. ಅರ್ಧ ಉಳೀತು."

"ನನಗೆಲ್ಲಿ ಅರವತ್ತು..."

ಕಾವಲುಗಾರ ತಲೆ ಎತ್ತಿದ. "ಆಗಿಲ್ವಾ? ಹಾಗಾದ್ರೆ ಪೂರ್ತಿ ಟಿಕೆಟ್ ತಗೊಳ್ಳಿ. ಮೇಲೆ ದಂಡ ಕಟ್ಟಿ."

ಮಂತ್ರಿ ನನ್ನನ್ನು ನೋಡಿದಳು, ಭಾವನನ್ನು ನೋಡಿದಳು, ಹಿಂದಿದ್ದ ಉದ್ದನೆಯ ಸಾಲನ್ನು ನೋಡಿದಳು. "ಆಗಿದೆ" ಅಂದಳು.

"ಎಷ್ಟು?"

"ಅರವತ್ತೊಂದು."

"ಬನ್ನಿ ಅಜ್ಜಿ, ಮೆಟ್ಟಿಲಿದೆ, ಹುಷಾರು" ಅಂತ ಕೈ ಹಿಡಿದು ಇಳಿಸಿದ. ನನ್ನ ಹೊಟ್ಟೆ ತಣ್ಣಗಾಯಿತು.

ಮೋಡದ ರೈಲಿನ ಕೆಳಗೆ, ಹೋದ ವರ್ಷದ್ದೇ ಬೆಂಚು. ಬ್ಯಾಗುಗಳನ್ನು ಒಂದೊಂದಾಗಿ ಅವಳ ಪಕ್ಕಕ್ಕಿಟ್ಟೆ. "ಒಂದು ದಿನದ ಮಾತು ತಾನೆ ಅಕ್ಕ, ಮುಂದಿನ ವರ್ಷ ಆಡಿದ್ರಾಯ್ತು." ಅವಳ ಮುಖ ಇಂಗು ತಿಂದ ಮಂಗನ ಹಾಗಾಯಿತು. ನಾನು ಕಣ್ತುಂಬ ನೋಡಿದೆ. ಸುಳ್ಳು ಯಾಕೆ ಹೇಳಲಿ, ಅಷ್ಟು ಖುಷಿ ನನಗೆ ಮದುವೆಯ ದಿನವೂ ಆಗಿರಲಿಲ್ಲ.

"ನಡಿ ಪುಟ್ಟಿ" ಅಂತ ಮಗಳ ಕೈ ಹಿಡಿದೆ. ಅವಳು ಕೈ ಬಿಡಿಸಿಕೊಂಡಳು.

"ನೀನು ಬರಬೇಡ. ನಾನು ಅಪ್ಪನ ಜೊತೆ ಹೋಗ್ತೀನಿ."

"ಯಾಕೇ? ನಿನಗೋಸ್ಕರ ತಾನೇ ಇಷ್ಟೆಲ್ಲ ಮಾಡಿದ್ದು? ನೋಡು, ದೊಡ್ಡಮ್ಮನಿಗೆ ಹೇಗಾಯ್ತು!"

"ದೊಡ್ಡಮ್ಮ ಬಾಯಲ್ಲಿ ಹೇಳಿದ್ರು ಅಷ್ಟೆ." ಅವಳ ದನಿ ಏರಲಿಲ್ಲ. "ನನ್ನ ಭುಜ ಒತ್ತಿದ್ದು ನೀನು."

ಹೌದು, ಆ ಕೈ ನನ್ನದೇ. ನಿಮಗೂ ಮುಚ್ಚಿಟ್ಟೆ, ನನಗೂ ಮುಚ್ಚಿಟ್ಟುಕೊಂಡಿದ್ದೆ. ಅವತ್ತು ಬೆಳಿಗ್ಗೆ ಒಂದು ಬೆರಳು ಜಾಸ್ತಿ ಅಂತ ಅಳೆದು ಹೇಳಿದ ಕೈಯೇ, ಮಂತ್ರಿಯ ಕಣ್ಣಿಗೆ ಹೆದರಿ, ಆ ಒಂದು ಬೆರಳನ್ನು ಒತ್ತಿ ಇಳಿಸಿತ್ತು. ಹುಡುಗಿಯೂ ನನ್ನ ಹಾಗೇ ಒಂದು ವರ್ಷ ಕಾದಿದ್ದಳು. ನನ್ನ ಮಗಳಲ್ಲವೇ!

ನೀಲಿ ಪಟ್ಟಿ ಕಟ್ಟಿಕೊಂಡೇ ಹೋಗಿ ಬೆಂಚಿನ ಮೇಲೆ ಕೂತೆ. ಮಂತ್ರಿ ಎಲ್ಲ ಕೇಳಿಸಿಕೊಂಡಿದ್ದಳು. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾಳೆ ಅಂದುಕೊಂಡೆ, ಅನ್ನಲಿಲ್ಲ. ಸಾಕ್ಸಿನಿಂದ ಬಾಳೆಹಣ್ಣು ತೆಗೆದು ಅರ್ಧ ಮುರಿದು ಕೊಟ್ಟಳು. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಮೇಲೆ ನೋಡಿದೆ.

ರೈಲು ಮೇಲೇರಿತು. ಮಗಳು ಎರಡೂ ಕೈ ಎತ್ತಿ ಕಿರುಚುತ್ತಿದ್ದಳು. ಒಂದು ಸಲವೂ ಕೆಳಗೆ ನೋಡಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಮಂತ್ರಿ ಕೇಳಿದಳು, "ಎಷ್ಟು ಸಲ ಹತ್ತಿದ್ಲೇ?"

"ನಾಲ್ಕು" ಅಂದೆ. "ಐದನೇ ಸಲಕ್ಕೆ ಕ್ಯೂ ನಿಂತಿದ್ದಾಳೆ."