ಹದಿಮೂರು ಎಂದಿರುವಲ್ಲಿ ಹನ್ನೆರಡು

ಹವಾಮಾನ ಸಂಶೋಧನೆಯ ಪತ್ರಿಕೆಯೊಂದರಲ್ಲಿ ನಲವತ್ತು ವರ್ಷ ದುಡಿದ ಆ ಮನುಷ್ಯ ಒಮ್ಮೆಯಾದರೂ ತಲೆಯೆತ್ತಿ ಆಕಾಶ ನೋಡಿದ್ದನ್ನು ನಾನು ಕಂಡಿಲ್ಲ. ಹೊರಗೆ ಗುಡುಗು ಕಿಟಕಿಯ ಗಾಜನ್ನು ನಡುಗಿಸುತ್ತಿದ್ದರೂ ಅವರ ಕಣ್ಣು ಕರಡಚ್ಚಿನ ಮೇಲೆ, ಬೆರಳು ಅಂಕಿಯ ಮೇಲೆ. ‘ಇವತ್ತು ಮಳೆ ಬರುತ್ತಾ ಸಾರ್?’ ಎಂದು ಯಾರಾದರೂ ಕೇಳಿದರೆ, ‘ನಾಳೆ ಬೆಳಿಗ್ಗೆ ಎಂಟು ಗಂಟೆಗೆ ಹೇಳ್ತೀನಿ’ ಎನ್ನುತ್ತಿದ್ದರು. ಅದು ಹಾಸ್ಯವಲ್ಲ, ಕಸುಬಿನ ನಿಯಮ. ಮಳೆಯನ್ನು ಅಳೆಯುವುದು ದಿನಕ್ಕೊಮ್ಮೆ, ಬೆಳಿಗ್ಗೆ ಎಂಟಕ್ಕೆ. ಹಿಂದಿನ ಇಪ್ಪತ್ನಾಲ್ಕು ಗಂಟೆಗಳಲ್ಲಿ ಮಾಪಕದಲ್ಲಿ ನಿಂತ ನೀರನ್ನು ಅಳೆದು, ಅಳೆದ ಬೆಳಗಿನ ತಾರೀಖಿಗೆ ಬರೆಯಬೇಕು. ಹೊಸ ವೀಕ್ಷಕರು ಎಡವುವುದು ಇಲ್ಲೇ. ಸುರಿದದ್ದು ನಿನ್ನೆಯಲ್ಲವೇ ಎಂದುಕೊಂಡು ನಿನ್ನೆಯ ತಾರೀಖಿಗೆ ಬರೆದುಬಿಡುತ್ತಾರೆ. ಓದುಗರು ಈ ಸಣ್ಣ ಸಂಗತಿಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಬೇಕು.

ಅವರನ್ನು ನಾವೆಲ್ಲ ಒಪ್ಪೋಲೆ ಮೇಷ್ಟ್ರು ಎಂದು ಕರೆಯುತ್ತಿದ್ದೆವು. ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಪತ್ರಿಕೆಯ ಸಹಾಯಕ ಸಂಪಾದಕರು. ಹಿಂದಿನ ಸಂಚಿಕೆಯ ತಪ್ಪುಗಳನ್ನು ಒಪ್ಪಿಕೊಂಡು ತಿದ್ದುವ ಕೊನೆಯ ಪುಟದ ಪಟ್ಟಿಗೆ ಒಪ್ಪೋಲೆ ಎಂದು ಹೆಸರು, ಅದು ಅವರ ಏಕಚಕ್ರಾಧಿಪತ್ಯ. ಅವರೆದುರಿನ ಮೇಜಿನಲ್ಲಿ ಹನ್ನೊಂದು ವರ್ಷ ಕುಳಿತ ನಾನು, ದೇಶವಿದೇಶಗಳಲ್ಲಿ ಹೆಸರಾದ ವಿಜ್ಞಾನಿಗಳು ಅವರ ಕೆಂಪು ಪೆನ್ಸಿಲ್ಲಿನ ಮುಂದೆ ಮಗ್ಗಿ ಮರೆತ ಮಕ್ಕಳಂತೆ ನಿಂತದ್ದನ್ನು ನೋಡಿದ್ದೇನೆ. ಎಂಥ ವಾದವನ್ನು ಮುಂದಿಟ್ಟರೂ ಅವರದು ಒಂದೇ ಪ್ರಶ್ನೆ: ‘ಮೂಲ ಎಲ್ಲಿದೆ?’ ಮೂಲ ದಾಖಲೆ ಕಣ್ಣಿಗೆ ಬಿದ್ದ ಮೇಲೆಯೇ ಅವರು ಅಂಚಿನಲ್ಲಿ ‘ನೋಡಿದೆ’ ಎಂದು ಬರೆಯುತ್ತಿದ್ದುದು. ಆ ಮೂರಕ್ಷರ ಬಿದ್ದ ಪುಟವನ್ನು ಮತ್ತೊಬ್ಬರು ನೋಡುವ ಪದ್ಧತಿಯೇ ನಮ್ಮಲ್ಲಿರಲಿಲ್ಲ.

ಅವರ ಬೂದುಬಣ್ಣದ ಕೋಟಿನ ಎಡತೋಳು ಮೇಜಿಗೆ ಉಜ್ಜಿ ಉಜ್ಜಿ ಹೊಳಪು ಬಂದಿತ್ತು. ಒಳಗಡೆ, ಅಡಿಕೋಲಿಗೆಂದು ಹೆಂಡತಿ ಹೊಲಿದುಕೊಟ್ಟ ಉದ್ದನೆಯ ಜೇಬು. ಅಂಕಿಗಳ ಸಾಲಿನ ಕೆಳಗೆ ಅಡಿಕೋಲು ಇಟ್ಟುಕೊಳ್ಳದೆ ಅವರು ಏನನ್ನೂ ಓದುತ್ತಿರಲಿಲ್ಲ, ದಿನಪತ್ರಿಕೆಯನ್ನು ಸಹ. ಪಕ್ಕೆಗೊಂದು ಅಡಿಕೋಲು ಒತ್ತಿಕೊಂಡಿರುವ ಮನುಷ್ಯ ಬಾಗಿ ನಡೆಯುವುದಾದರೂ ಹೇಗೆ? ಸೆಟೆದು ನಡೆಯುತ್ತಿದ್ದ ಅವರನ್ನು ಕಂಡು, ಗುರುತಿಲ್ಲದವರು ಜಂಬದ ಕೋಳಿ ಎನ್ನುತ್ತಿದ್ದರು. ಗುರುತಿದ್ದವರೂ ಆಗಾಗ ಹಾಗೆಯೇ ಅನ್ನುತ್ತಿದ್ದರು, ಅದಕ್ಕೂ ಕಾರಣವಿತ್ತು. ಸ್ವಂತ ಅಕ್ಕನ ಮಗನ ಮದುವೆಯ ಆಮಂತ್ರಣ ಪತ್ರಿಕೆಯಲ್ಲಿ ವಾರಕ್ಕೂ ತಾರೀಖಿಗೂ ತಾಳೆಯಾಗದ್ದನ್ನು ಕಂಡು, ಕೆಂಪು ಗುರುತು ಹಾಕಿ, ಅಂಚೆಯಲ್ಲಿ ಹಿಂದಿರುಗಿಸಿದ ಮಹಾನುಭಾವರು ಇವರು. ಅಕ್ಕ ಎರಡು ವರ್ಷ ಮಾತು ಬಿಟ್ಟಿದ್ದರು. ‘ಇವರನ್ನ ಕಟ್ಟಿಕೊಂಡು ನಾನು ಯಾರ ಮನೆಗೆ ಅಂತ ಹೋಗ್ಲಿ?’ ಎಂದು ಅವರ ಹೆಂಡತಿ ನನ್ನ ಬಳಿ ಗೋಳು ಹೇಳಿಕೊಂಡದ್ದುಂಟು, ನಗುತ್ತಲೇ.

ಪತ್ರಿಕೆಗೆ ಐವತ್ತು ತುಂಬಿತು. ಎರಡು ದಿನದ ವಿಚಾರ ಸಂಕಿರಣ, ಪ್ರದರ್ಶನ, ಐವತ್ತು ಸಂಪುಟಗಳಿಗೆ ಒಂದೇ ಸೂಚಿ. ನಿವೃತ್ತರಾಗಿದ್ದ ಮೇಷ್ಟ್ರನ್ನು ಸೂಚಿಯ ಕೆಲಸಕ್ಕೆಂದು ಮತ್ತೆ ಕರೆಸಿದ್ದರು. ಪತ್ರಿಕೆಯ ಅತ್ಯುತ್ತಮ ಪ್ರಬಂಧವೆಂದು ಮೂರನೆಯ ಸಂಪುಟದ ಚಂಡಮಾರುತದ ಪ್ರಬಂಧ ಆಯ್ಕೆಯಾಗಿತ್ತು. ಅದನ್ನು ಬರೆದ ವೃದ್ಧ ಪ್ರೊಫೆಸರರೇ ಮುಖ್ಯ ಅತಿಥಿ. ನಮ್ಮ ಕರಾವಳಿಯ ಚಂಡಮಾರುತ ತೀರದ ಉದ್ದಕ್ಕೂ ಒಂದೇ ದಿನ ಎರಗುತ್ತದೆ, ಮುನ್ಸೂಚನೆ ಕೊಡುವುದಿಲ್ಲ ಎಂಬುದು ಅದರ ತಿರುಳು. ಪಠ್ಯಪುಸ್ತಕಗಳು ಅದನ್ನೇ ಉರುಹೊಡೆಸಿದ್ದವು.

ಸಭೆಗೆ ಮೂರು ವಾರವಿರುವಾಗ, ಹಳೆಯ ಕಡತದೊಳಗಿಂದ ಮೇಷ್ಟ್ರ ಕೈಗೆ ಒಂದು ಅಂಚೆಕಾರ್ಡು ಸಿಕ್ಕಿತು. ಬರೆದವರು ಕರಾವಳಿಯ ಕೊನೆಯ ತುದಿಯಲ್ಲಿ ಅಂಚೆ ಕಚೇರಿಯನ್ನೂ ಅದರ ಹಿತ್ತಲಿನ ಮಳೆಮಾಪಕವನ್ನೂ ನೋಡಿಕೊಳ್ಳುತ್ತಿದ್ದ ಒಬ್ಬ ಅಂಚೆಯಮ್ಮ. ‘ನನ್ನ ಮಳೆಯನ್ನು ನೀವು ಹದಿಮೂರನೇ ತಾರೀಖಿಗೆ ಹಾಕಿದ್ದೀರಿ. ನಾನು ಅಳೆದದ್ದು ಹನ್ನೆರಡನೇ ತಾರೀಖು ಬೆಳಿಗ್ಗೆ. ಇಲ್ಲಿ ದಿನಾ ಬೆಳಿಗ್ಗೆ ಮೊಹರಿನ ತಾರೀಖು ಬದಲಾಯಿಸುವವಳು ನಾನೇ. ತಾರೀಖಿನ ವಿಷಯದಲ್ಲಿ ನಾನು ತಪ್ಪುವುದಿಲ್ಲ.’ ಕಾರ್ಡಿನ ಅಂಚಿನಲ್ಲಿ ಕೆಂಪು ಪೆನ್ಸಿಲ್ಲಿನಲ್ಲಿ ಮೂರಕ್ಷರವಿತ್ತು: ‘ನೋಡಿದೆ.’

ಅದು ಮೇಷ್ಟ್ರದೇ ಕೈ. ಇಪ್ಪತ್ತನಾಲ್ಕರ ಹರೆಯ, ಕೆಲಸಕ್ಕೆ ಸೇರಿದ ಮೊದಲ ವರ್ಷ. ಮಳೆ ಅಳೆಯುವ ಉಳಿದೆಲ್ಲ ಠಾಣೆಗಳಲ್ಲಿ ಹದಿಮೂರಕ್ಕೆ ಮಳೆ, ಇದೊಂದರಲ್ಲಿ ಹನ್ನೆರಡಕ್ಕೆ. ಹಳ್ಳಿಗಾಡಿನ ಹೆಂಗಸು, ನಿಯಮ ಗೊತ್ತಿಲ್ಲ, ನಿನ್ನೆಯ ತಾರೀಖಿಗೆ ಬರೆದಿದ್ದಾಳೆ ಎಂದುಕೊಂಡು ಆ ಠಾಣೆಯ ಇಡೀ ಸಾಲನ್ನು ಒಂದು ದಿನ ಮುಂದಕ್ಕೆ ಸರಿಸಿದ್ದರು. ಕಾರ್ಡು ಬಂದಾಗ ಓದಿ, ಕಡತಕ್ಕೆ ಸೇರಿಸಿ, ಮರೆತಿದ್ದರು.

‘ಮೂಲ ನೋಡ್ಬೇಕಪ್ಪಾ’ ಎಂದರು ನನಗೆ. ಇಬ್ಬರೂ ನೆಲಮಾಳಿಗೆಯ ದಾಖಲೆ ಕೋಣೆಗೆ ಇಳಿದೆವು. ಠಾಣೆಯ ಪುಸ್ತಕ ಸಿಗಲು ಎರಡು ದಿನ ಹಿಡಿಯಿತು. ಆ ತಾಯಿ ಪ್ರತಿದಿನದ ಅಂಕಿಯ ಪಕ್ಕದಲ್ಲಿ ಅಂಚೆಯ ಮೊಹರನ್ನೇ ಒತ್ತಿದ್ದರು. ಅತಿ ಹೆಚ್ಚು ಮಳೆಯ ಅಂಕಿಯ ಪಕ್ಕದಲ್ಲಿ, ಕಪ್ಪು ಮಸಿಯಲ್ಲಿ, ಗುಂಡಗೆ, ಹನ್ನೆರಡು. ಚಂಡಮಾರುತ ಒಂದು ದಿನ ಮೊದಲೇ ಆ ತುದಿಯನ್ನು ತಟ್ಟಿ ಹೇಳಿತ್ತು. ಕೇಳಿಸಿಕೊಂಡವರು ಒಬ್ಬರೇ, ಅವರ ಮಾತನ್ನು ಅಳಿಸಿದವರು ನಮ್ಮ ಮೇಷ್ಟ್ರು.

‘ಈಗೇನು ಸಾರ್, ಮುನ್ಸೂಚನೆ ಕೊಡೋಕೆ ಉಪಗ್ರಹ ಬಂದು ಎಷ್ಟೋ ವರ್ಷ ಆಯ್ತಲ್ಲ’ ಎಂದೆ ನಾನು, ಸಮಾಧಾನಕ್ಕೆ.

‘ಪ್ರಬಂಧ ಅಚ್ಚಾದ ಮೇಲೆ ಅದು ಬರೋಕೆ ಹನ್ನೆರಡು ವರ್ಷ ಹಿಡೀತು. ಆ ಹನ್ನೆರಡು ವರ್ಷದಲ್ಲಿ ನಾಲ್ಕು ಚಂಡಮಾರುತ ಬಂದ್ವು. ಒಂದು ಸಲವೂ ಯಾರೂ ಆ ಅಮ್ಮನಿಗೆ ಫೋನ್ ಮಾಡಿ ಕೇಳ್ಲಿಲ್ಲ’ ಎಂದರು.

ಸಂಪಾದಕಿ ಒಳ್ಳೆಯವರು, ಮೇಷ್ಟ್ರ ಮೇಲೆ ಗೌರವವಿದ್ದವರು. ಮೇಷ್ಟ್ರು ವಿಷಯ ತಿಳಿಸಿದಾಗ ಮುಖ ಸಣ್ಣಗೆ ಮಾಡಿಕೊಂಡರು. ‘ಮುಂದಿನ ಸಂಚಿಕೆಯಲ್ಲಿ ಒಂದು ಮೂಲೇಲಿ ಹಾಕೋಣ ಸಾರ್. ಇಷ್ಟು ದೊಡ್ಡ ಸಭೆ, ಪ್ರೊಫೆಸರರಿಗೆ ಎಂಬತ್ತೆಂಟು ವರ್ಷ, ನಿಮಗೂ ಸನ್ಮಾನ ಇದೆ.’

‘ತಪ್ಪು ಮೂಲೇಲಿರಲಿಲ್ಲ ಮೇಡಂ. ಪುಟದ ನಟ್ಟನಡುವೆ ಇತ್ತು.’

ಸಭೆಗೆ ಒಂದು ವಾರ ಮೊದಲು ಮೇಷ್ಟ್ರು ಪ್ರೊಫೆಸರರಿಗೆ ಕಾರ್ಡಿನ ಮತ್ತು ಪುಸ್ತಕದ ಪ್ರತಿಗಳನ್ನು ಕಳಿಸಿದರು. ಉತ್ತರ ಬರಲಿಲ್ಲ.

ಸಭಾಂಗಣ ತುಂಬಿತ್ತು. ಮೇಷ್ಟ್ರಿಗೆ ಕೊಟ್ಟ ಹಿತ್ತಾಳೆಯ ಫಲಕದಲ್ಲಿ ‘ದೋಷರಹಿತ ಸೇವೆಗಾಗಿ’ ಎಂದು ಕೆತ್ತಿತ್ತು. ಅದನ್ನು ಮೇಜಿನ ಮೇಲಿಟ್ಟು, ಅಡಿಕೋಲಿನ ಜೇಬಿನಿಂದ ಒಂದು ಚೀಟಿ ತೆಗೆದು, ಒಪ್ಪೋಲೆಯನ್ನು ಓದುವ ಅದೇ ಸಪ್ಪೆ ದನಿಯಲ್ಲಿ ಓದಿದರು: ‘ಸಂಪುಟ ಮೂರು, ಪುಟ ಮುನ್ನೂರ ಹನ್ನೆರಡು, ನಾಲ್ಕನೆಯ ಕೋಷ್ಟಕ, ಕೊನೆಯ ಸಾಲು. ಹದಿಮೂರು ಎಂದಿರುವಲ್ಲಿ ಹನ್ನೆರಡು ಎಂದು ಓದಿಕೊಳ್ಳಬೇಕು. ತಪ್ಪು ಲೇಖಕರದಲ್ಲ, ವೀಕ್ಷಕರದಲ್ಲ. ತಿದ್ದಿದವನದು. ಇದರಿಂದ ಪ್ರಬಂಧದ ತೀರ್ಮಾನ ಬಿದ್ದುಹೋಗುತ್ತದೆ.’

ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ. ಪ್ರೊಫೆಸರರು ಕೋಲೂರಿ ಎದ್ದು, ಚಹಾಕ್ಕೂ ನಿಲ್ಲದೆ ಹೊರಟುಹೋದರು. ಊಟದ ಸಾಲಿನಲ್ಲಿ ಮೇಷ್ಟ್ರ ಪಕ್ಕ ನಾನೊಬ್ಬನೇ ನಿಂತಿದ್ದೆ. ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ನನಗೆ ಅವರ ಬಗ್ಗೆ ಕನಿಕರ ಹುಟ್ಟಿತು, ಜೊತೆಗೆ ನಾನಾಗಿದ್ದರೆ ಆ ಕಾರ್ಡನ್ನು ಕಡತದಲ್ಲೇ ಬಿಡುತ್ತಿದ್ದೆನೆಂಬ ನಾಚಿಕೆಯೂ.

ಹತ್ತು ದಿನದ ಮೇಲೆ ಪ್ರೊಫೆಸರರಿಂದ ಲಕೋಟೆ ಬಂತು. ಮೇಷ್ಟ್ರು ಕಳಿಸಿದ್ದ ಪ್ರತಿಯ ಅಂಚಿನಲ್ಲಿ, ಕೈನಡುಗುವ ಅಕ್ಷರದಲ್ಲಿ, ‘ನೋಡಿದೆ. ಅಚ್ಚು ಹಾಕಿ’ ಎಂದಿತ್ತು. ಒಪ್ಪೋಲೆ ಅಚ್ಚಾಯಿತು.

ಆ ಫಲಕ ಈಗ ಮೇಷ್ಟ್ರ ಮನೆಯ ಕಪಾಟಿನಲ್ಲಿದೆ. ಹಿತ್ತಾಳೆಯ ಮೇಲೆ ಕೆಂಪು ಪೆನ್ಸಿಲ್ಲು ಮೂಡದ್ದರಿಂದ ‘ದೋಷರಹಿತ’ ಎಂಬ ಪದದ ಮೇಲೆ ಬಿಳಿಯ ಕಾಗದದ ಪಟ್ಟಿ ಅಂಟಿಸಿದ್ದಾರೆ. ‘ಧೂಳು ಒರೆಸುವಾಗ ಕಿತ್ತು ಬಂದ್ರೆ ಮತ್ತೆ ಅಂಟಿಸ್ತಾರಪ್ಪ, ನಾನೇನು ಮಾಡ್ಲಿ’ ಎಂದರು ಅವರ ಹೆಂಡತಿ, ಮೊನ್ನೆ ನಾನು ಹೋದಾಗ. ಫಲಕಕ್ಕೆ ಒರಗಿಕೊಂಡು ಒಂದು ಅಂಚೆಕಾರ್ಡು ನಿಂತಿತ್ತು. ಅಂಚೆಯಮ್ಮನಿಗೆ ನಲವತ್ತೇಳು ವರ್ಷ ತಡವಾಗಿ ಮೇಷ್ಟ್ರು ಬರೆದ ಉತ್ತರ: ‘ನೀವು ಬರೆದದ್ದೇ ಸರಿ.’ ವಿಳಾಸದಾರರು ತೀರಿಕೊಂಡಿದ್ದಾರೆಂಬ ಷರಾ ಹೊತ್ತು ಅದು ಮರಳಿ ಬಂದಿತ್ತು. ಮೇಷ್ಟ್ರು ಅದನ್ನು ಕೈಗೆತ್ತಿಕೊಂಡು, ಆ ಊರಿನ ಮೊಹರಿನ ಮೇಲೆ ಬೆರಳಿಟ್ಟು, ‘ತಾರೀಖು ಸರಿಯಾಗಿ ಒತ್ತಿದ್ದಾರೆ’ ಎಂದರು.

ಪರರ ತಪ್ಪು ತಿದ್ದುವ ಜನವನ್ನು ನಾವು ಇಷ್ಟಪಡುವುದಿಲ್ಲ. ಅವರು ನಮ್ಮ ಮದುವೆಯ ಪತ್ರಿಕೆಯನ್ನೂ ಬಿಡುವುದಿಲ್ಲ. ಆದರೆ ಅವರಲ್ಲಿ ಅಪರೂಪಕ್ಕೊಬ್ಬರು ತಮ್ಮ ಸಾಲಿನ ಕೆಳಗೂ ಅದೇ ಅಡಿಕೋಲನ್ನು ಇಡುತ್ತಾರೆ. ಅಂಥವರಿಂದ ಸತ್ತವರಿಗೆ ಉಪಯೋಗವಿಲ್ಲ, ಬದುಕಿರುವವರಿಗೆ ಮುಜುಗರ. ಹಾಗಿದ್ದರೂ, ನಾನು ಬರೆದ ಯಾವುದೇ ಪುಟವನ್ನು ಯಾರಾದರೂ ನೋಡಿ ‘ನೋಡಿದೆ’ ಎಂದು ಬರೆಯುವುದಾದರೆ, ಅದು ಅಂಥವರ ಕೈಯೇ ಆಗಿರಲಿ.